ಹಲ್ಲಿನ ಅಚ್ಚು ಮತ್ತು ನಿಖರತೆಯ ಪ್ರಶ್ನೆ: ಒಂದು ವಿಮರ್ಶೆ

೧

ಇತಿಹಾಸದ ಅಧ್ಯಾಪಕನೊಬ್ಬನು ದಂತವೈದ್ಯದ ವಿಷಯವಾಗಿ ಲೇಖನಿ ಹಿಡಿಯುವುದು ವಾಚಕರಿಗೆ ವಿಚಿತ್ರವಾಗಿ ಕಾಣಬಹುದು. ಅದರ ಕಾರಣವನ್ನು ಮೊದಲೇ ಹೇಳಿಬಿಡುವುದು ಲೇಸು. ಕೆಲವು ವರ್ಷಗಳ ಹಿಂದೆ ನನ್ನ ತಾಯಿಯವರು ಉಳಿದಿದ್ದ ನಾಲ್ಕಾರು ಹಲ್ಲುಗಳನ್ನೂ ಕೀಳಿಸಿಕೊಂಡು ಎರಡು ದವಡೆಗಳಿಗೂ ಹಲ್ಲು ಕಟ್ಟಿಸಿಕೊಂಡರು. ಹೊಸ ದಂತಪಂಕ್ತಿಯನ್ನು ಧರಿಸಿದ ದಿನದಿಂದಲೇ ಕೆಳದವಡೆಯ ಎಡಭಾಗದಲ್ಲಿ ನೋವು ಆರಂಭವಾಯಿತು. ಅನ್ನವನ್ನು ಮಿದ್ದು ನುಂಗಬೇಕಲ್ಲದೆ ಅಗಿದು ತಿನ್ನುವಂತಿರಲಿಲ್ಲ. ವೈದ್ಯರಲ್ಲಿಗೆ ಹೋದಾಗ ಅವರು ಅಚ್ಚಿನಿಂದ ಎರೆದಿದ್ದ ಪ್ಲಾಸ್ಟರಿನ ಪಡಿಯಚ್ಚನ್ನು ತಂದು, ದಂತಪಂಕ್ತಿಯನ್ನು ಅದರ ಮೇಲೆ ಕೂರಿಸಿ ತೋರಿಸಿದರು. ಎಲ್ಲಿಯೂ ಕೂದಲೆಳೆ ತೂರುವಷ್ಟು ಸಂದಿರಲಿಲ್ಲ. "ಅಚ್ಚು ನಿಖರವಾಗಿದೆ, ನೀವೇ ನೋಡಿ" ಎಂದರು. "ಅದರ ಮೇಲೆ ಚೆನ್ನಾಗಿ ಕೂತಿದೆ ಡಾಕ್ಟರೇ, ನನ್ನ ಬಾಯಲ್ಲಿ ಕೂತಿಲ್ಲ" ಎಂದರು ನನ್ನ ತಾಯಿ.

ಇಬ್ಬರು ಹೇಳಿದ್ದೂ ನಿಜವಾಗಿತ್ತು. ಒಂದೇ ಅಚ್ಚಿನ ವಿಷಯದಲ್ಲಿ ಈ ಎರಡು ಮಾತುಗಳು ಏಕಕಾಲದಲ್ಲಿ ನಿಜವಾಗುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ದಂತವೈದ್ಯದ ಗ್ರಂಥಗಳವರೆಗೂ ಸಂಶೋಧನ ಪತ್ರಿಕೆಗಳವರೆಗೂ ಎಳೆದುಕೊಂಡು ಹೋಯಿತು. ಅಚ್ಚು ತೆಗೆಯುವ ವಸ್ತುಗಳ ಮತ್ತು ವಿಧಾನಗಳ ನಿಖರತೆಯನ್ನು ಹೋಲಿಸುವ ಲೇಖನಗಳು ಅಲ್ಲಿ ಹೇರಳವಾಗಿವೆ. ನಮ್ಮ ದಂತವೈದ್ಯ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಇದು ಪ್ರಿಯವಾದ ವಿಷಯ. ಇವುಗಳಲ್ಲಿ ಯಾವ ವಿಧಾನ ಶ್ರೇಷ್ಠವೆಂದು ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ, ಅದಕ್ಕೆ ನಾನು ಅಧಿಕಾರಿಯೂ ಅಲ್ಲ. 'ನಿಖರ' ಎಂಬ ಮಾತನ್ನು ಈ ಹೋಲಿಕೆಗಳಲ್ಲಿ ಯಾವ ಯಾವ ಅರ್ಥದಲ್ಲಿ ಬಳಸಲಾಗುತ್ತಿದೆ, ಅದರಿಂದ ಬರುವ ತೀರ್ಮಾನಗಳಿಗೆ ಎಷ್ಟು ಬೆಲೆ ಕೊಡಬಹುದು ಎಂಬುದನ್ನು ಪರಿಶೀಲಿಸುವುದಷ್ಟೇ ಪ್ರಕೃತ ಲೇಖನದ ವ್ಯಾಪ್ತಿ.

ಈ ಬಗೆಯ ಪರಿಶೀಲನೆ ಇತಿಹಾಸದ ವಿದ್ಯಾರ್ಥಿಗೆ ತೀರ ಅಪರಿಚಿತವೂ ಅಲ್ಲ. ನಾವೂ ಅಚ್ಚು ತೆಗೆಯುವವರೇ. ಶಿಲಾಶಾಸನವನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ಬಡಿದು ಅಕ್ಷರಗಳ ಕುಳಿಗಳಿಗೆ ಇಳಿಸಿ, ಮೇಲೆ ಮಸಿ ತಟ್ಟಿದರೆ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುತ್ತವೆ. ಆ ಕಾಗದದ ಮೇಲೆ ಲಿಪಿಕಾರನು ಕೊರೆದ ಗೆರೆಯೂ ಬಿಳಿಯೇ, ಕಾಲಾಂತರದಲ್ಲಿ ಬಿದ್ದ ಬಿರುಕೂ ಬಿಳಿಯೇ. ಅಕ್ಷರದ ಅಗಲವನ್ನು ಅದು ಚೆನ್ನಾಗಿ ಉಳಿಸಿಕೊಳ್ಳುತ್ತದೆ, ಕುಳಿಯ ಆಳವನ್ನು ಬಿಟ್ಟುಕೊಡುತ್ತದೆ. ಆದುದರಿಂದಲೇ ಓದಿನಲ್ಲಿ ವಿವಾದ ಹುಟ್ಟಿದಾಗ ವಿದ್ವಾಂಸರು ಮತ್ತೆ ಕಲ್ಲಿನ ಬಳಿಗೆ ಹೋಗುತ್ತಾರೆ. ಪ್ರತಿಯೊಂದು ಅಚ್ಚೂ ಮೂಲದ ಕೆಲವು ಗುಣಗಳನ್ನು ಹಿಡಿದು ಕೆಲವನ್ನು ಬಿಡುತ್ತದೆ ಎಂಬ ಈ ಅರಿವಿನಿಂದಲೇ ನಾನು ಹಲ್ಲಿನ ಅಚ್ಚಿನ ಸಾಹಿತ್ಯವನ್ನು ಓದಿದೆ.

೨

ಅಚ್ಚಿನ ವಸ್ತುಗಳ ಚರಿತ್ರೆಯನ್ನು ಪಠ್ಯಪುಸ್ತಕಗಳಲ್ಲಿ ಏಣಿಯ ಮೆಟ್ಟಿಲುಗಳಂತೆ ಹೇಳುವುದು ವಾಡಿಕೆ. ಮೇಣಕ್ಕಿಂತ ಪ್ಲಾಸ್ಟರ್ ನಿಖರ, ಅದಕ್ಕಿಂತ ಅಗರ್, ಅದಕ್ಕಿಂತ ರಬ್ಬರ್, ಎಲ್ಲಕ್ಕಿಂತ ಮೇಲೆ ಕ್ಯಾಮೆರಾ ಎಂದು. ಆದರೆ ಘಟನೆಗಳನ್ನು ಬಿಡಿಬಿಡಿಯಾಗಿ ನೋಡಿದರೆ ಈ ಏಣಿ ಕಾಣುವುದಿಲ್ಲ.

ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕನ ದಂತವೈದ್ಯನಾಗಿದ್ದ ಫಿಲಿಪ್ ಫಾಫ್ ೧೭೫೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದವಡೆಯ ಅಚ್ಚನ್ನು ಮೇಣದಲ್ಲಿ ಎರಡು ಭಾಗವಾಗಿ ತೆಗೆದು, ಜೋಡಿಸಿ, ಅದರಲ್ಲಿ ಪ್ಲಾಸ್ಟರನ್ನು ಎರೆಯುವ ಕ್ರಮವನ್ನು ವಿವರಿಸಿದ್ದಾನೆ. ಮೇಣ ಸುಲಭವಾಗಿ ಒತ್ತಿಕೊಳ್ಳುತ್ತದೆ, ಹೊರಕ್ಕೆ ತೆಗೆಯುವಾಗ ಅಷ್ಟೇ ಸುಲಭವಾಗಿ ಸೊಟ್ಟಗಾಗುತ್ತದೆ. ೧೮೪೦ರ ದಶಕದಲ್ಲಿ ಅಮೆರಿಕದ ವೈದ್ಯರು ಪ್ಲಾಸ್ಟರ್ ಆಫ್ ಪ್ಯಾರಿಸನ್ನೇ ಬಾಯೊಳಗೆ ಬಳಸತೊಡಗಿದರು. ತೆಳ್ಳಗೆ ಕಲಸಿದ ಪ್ಲಾಸ್ಟರ್ ವಸಡನ್ನು ಹೆಚ್ಚಾಗಿ ಒತ್ತುವುದಿಲ್ಲ. ಸೂಕ್ಷ್ಮ ರೇಖೆಗಳನ್ನು ಹಿಡಿಯುತ್ತದೆ. ಗಟ್ಟಿಯಾದ ಮೇಲೆ ಅಳತೆಯಲ್ಲಿ ಬಹಳ ಕಡಮೆ ವ್ಯತ್ಯಾಸ ಹೊಂದುತ್ತದೆ. ಬರಿಯ ಅಳತೆಯ ದೃಷ್ಟಿಯಿಂದ ನೋಡಿದರೆ ನಂತರ ಬಂದ ಎಷ್ಟೋ ವಸ್ತುಗಳಿಗೆ ಅದು ಸರಿಸಮಾನ. ಆದರೂ ಅದು ಹಿಂದೆ ಸರಿಯಿತು. ಬಾಗದ ವಸ್ತುವಾದುದರಿಂದ ಹಲ್ಲುಗಳಿರುವ ಬಾಯಿಂದ ಅದನ್ನು ಇಡಿಯಾಗಿ ತೆಗೆಯಲಾಗುತ್ತಿರಲಿಲ್ಲ. ಬಾಯೊಳಗೇ ತುಂಡು ಮಾಡಿ, ತುಂಡುಗಳನ್ನು ಹೊರಗೆ ಜೋಡಿಸಬೇಕಾಗಿತ್ತು. ಪ್ಲಾಸ್ಟರ್ ಸೋತದ್ದು ನಿಖರತೆಯಲ್ಲಲ್ಲ, ರೋಗಿಯ ಸಹನೆಯಲ್ಲಿ ಮತ್ತು ವೈದ್ಯನ ಸಮಯದಲ್ಲಿ.

ಲಂಡನ್ನಿನ ದಂತವೈದ್ಯ ಚಾರ್ಲ್ಸ್ ಸ್ಟೆಂಟ್ ೧೮೫೦ರ ದಶಕದಲ್ಲಿ ಗಟ್ಟಾಪರ್ಚಕ್ಕೆ ಸ್ಟಿಯರಿನ್ ಮೊದಲಾದ ದ್ರವ್ಯಗಳನ್ನು ಬೆರಸಿ, ಬಿಸಿ ಮಾಡಿದರೆ ಮೆತ್ತಗಾಗುವ ಒಂದು ಸಂಯುಕ್ತವನ್ನು ತಯಾರಿಸಿದನು. ಇಂದು ಹೃದಯದ ರಕ್ತನಾಳದಲ್ಲಿ ಇಡುವ 'ಸ್ಟೆಂಟ್' ಎಂಬ ಕೊಳವೆಯ ಹೆಸರಿಗೂ ಈತನ ಹೆಸರೇ ಮೂಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ೧೯೨೦ರ ದಶಕದಲ್ಲಿ ವಿಯೆನ್ನದ ಆಲ್ಫಾನ್ಸ್ ಪೊಲ್ಲರ್ ಶರೀರದ ಅಂಗಗಳ ಪ್ರತಿಕೃತಿ ಮಾಡಲು ಕಡಲಪಾಚಿಯಿಂದ ದೊರೆಯುವ ಅಗರನ್ನು ಬಳಸಿದನು. ಅದು ಬೇಗನೆ ದಂತವೈದ್ಯಕ್ಕೂ ಬಂದಿತು. ಅಂದಿನವರೆಗೆ ಇಲ್ಲದಿದ್ದ ಒಂದು ಗುಣ ಇದರಿಂದ ಲಭಿಸಿತು: ಹಲ್ಲಿನ ಉಬ್ಬನ್ನು ದಾಟುವಾಗ ಹಿಗ್ಗಿ, ದಾಟಿದ ಮೇಲೆ ಮೊದಲಿನ ಆಕಾರಕ್ಕೆ ಮರಳುವ ಸ್ಥಿತಿಸ್ಥಾಪಕತೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನಿಂದ ಅಗರ್ ಬರುವುದು ನಿಂತುಹೋದಾಗ, ಮತ್ತೊಂದು ಬಗೆಯ ಪಾಚಿಯಿಂದ ತಯಾರಾಗುವ ಆಲ್ಜಿನೇಟ್ ಅದರ ಸ್ಥಾನವನ್ನು ಆಕ್ರಮಿಸಿತು. ಇಂದಿಗೂ ಸಾಮಾನ್ಯ ಚಿಕಿತ್ಸಾಲಯಗಳಲ್ಲಿ ರೋಗಿಯ ಬಾಯಿಗೆ ಬರುವ ಬಣ್ಣದ ಪುಡಿಯ ಮುದ್ದೆ ಬಹುಮಟ್ಟಿಗೆ ಇದೇ. ಹೀಗೆ ಆಲ್ಜಿನೇಟಿನ ಪ್ರಚಾರಕ್ಕೆ ಕಾರಣ ಅದರ ಹೆಚ್ಚಿನ ನಿಖರತೆಯಲ್ಲ, ಹಡಗುಗಳು ಬಾರದಿದ್ದುದು.

ಅಗರ್, ಆಲ್ಜಿನೇಟ್ ಎರಡೂ ಬಹುಪಾಲು ನೀರೇ. ಗಾಳಿಯಲ್ಲಿಟ್ಟರೆ ಒಣಗಿ ಕುಗ್ಗುತ್ತವೆ, ನೀರಿನಲ್ಲಿಟ್ಟರೆ ಉಬ್ಬುತ್ತವೆ. ಈ ದೋಷವನ್ನು ನೀಗಲು ರಬ್ಬರಿನ ಜಾತಿಯ ವಸ್ತುಗಳು ಬಂದವು. ೧೯೫೦ರ ದಶಕದ ಆದಿಯಲ್ಲಿ ಬಂದ ಪಾಲಿಸಲ್ಫೈಡ್ ಗಟ್ಟಿಯಾಗುವಾಗ ನೀರನ್ನು ಹೊರಬಿಡುತ್ತದೆ. ಅದೇ ದಶಕದ ಮಧ್ಯದಲ್ಲಿ ಬಂದ ಸಿಲಿಕೋನ್ ಆಲ್ಕೊಹಾಲನ್ನು ಹೊರಬಿಡುತ್ತದೆ. ಆದುದರಿಂದ ಎರಡೂ ಕುಗ್ಗುತ್ತವೆ. ೧೯೬೦ರ ದಶಕದ ಪಾಲಿಈಥರಿನ ಕುಗ್ಗುವಿಕೆ ಕಡಮೆ. ಆದರೆ ಅದು ಬಿರುಸು, ಹೊರಕ್ಕೆ ತೆಗೆಯುವುದು ಕಷ್ಟ. ೧೯೭೦ರ ದಶಕದ ಮಧ್ಯದಲ್ಲಿ ಬಂದ ಸಂಯೋಜನ ಸಿಲಿಕೋನ್ ಯಾವ ಉಪೋತ್ಪನ್ನವನ್ನೂ ಬಿಡದೆ ಗಟ್ಟಿಯಾಗುವುದರಿಂದ ಅಳತೆಯಲ್ಲಿ ಬಹಳ ಸ್ಥಿರ. ಆದರೆ ಅದು ಸ್ವಭಾವತಃ ನೀರನ್ನು ದೂರ ತಳ್ಳುವ ವಸ್ತು. ಜೊಲ್ಲು ಸದಾ ಜಿನುಗುವ ಬಾಯಲ್ಲಿ ಇದು ಸಣ್ಣ ತೊಡಕಲ್ಲ. ರಬ್ಬರ್ ಕೈಗವಸಿನಲ್ಲಿರುವ ಗಂಧಕದ ಸೋಂಕಿನಿಂದಲೂ ಅದು ಗಟ್ಟಿಯಾಗದೆ ಉಳಿಯುವುದುಂಟು.

ಕಡೆಯದಾಗಿ, ಫ್ರಾನ್ಸಿನ ಫ್ರಾನ್ಸ್ವಾ ಡ್ಯುರೆ ೧೯೭೩ರ ತನ್ನ ಪ್ರೌಢಪ್ರಬಂಧದಲ್ಲಿ ಬೆಳಕಿನಿಂದಲೇ ಅಚ್ಚು ತೆಗೆಯುವ ಕಲ್ಪನೆಯನ್ನು ಮುಂದಿಟ್ಟನು. ಜ್ಯೂರಿಚ್ಚಿನಲ್ಲಿ ವರ್ನರ್ ಮರ್ಮನ್ ಮತ್ತು ಮಾರ್ಕೊ ಬ್ರಾಂಡೆಸ್ಟಿನಿ ಅವರು ರೂಪಿಸಿದ ಯಂತ್ರದಿಂದ ೧೯೮೫ರಲ್ಲಿ ರೋಗಿಯ ಹಲ್ಲಿಗೆ ಮೊದಲ ತುಂಬು ತಯಾರಾಯಿತು. ಅಚ್ಚಿನ ಮುದ್ದೆಯೇ ಇಲ್ಲದ ಯುಗ ಅಲ್ಲಿಂದ ಮೊದಲಾಯಿತೆನ್ನಬಹುದು.

ಈ ಚರಿತ್ರೆಯಲ್ಲಿ ಪ್ರತಿಯೊಂದು ಹೊಸ ವಸ್ತುವೂ ಹಿಂದಿನದರ ಒಂದು ನಿರ್ದಿಷ್ಟ ದೋಷಕ್ಕೆ ಉತ್ತರವಾಗಿ ಬಂದು, ತನ್ನದೇ ಆದ ಮತ್ತೊಂದು ದೋಷವನ್ನು ತಂದಿತು. ಮುನ್ನಡೆ ಇಲ್ಲವೆಂದಲ್ಲ, ಖಂಡಿತವಾಗಿ ಇದೆ. ಆದರೆ ಅದು ಒಂದೇ ಅಳತೆಗೋಲಿನ ಮೇಲಿನ ಮುನ್ನಡೆಯಲ್ಲ.

೩

ಈಗ ಹೋಲಿಕೆಯ ಕ್ರಮವನ್ನು ನೋಡೋಣ. ಮೊದಲನೆಯದಾಗಿ, ನಿಖರತೆ ಎಂಬ ಒಂದೇ ಪದದಲ್ಲಿ ಎರಡು ಗುಣಗಳು ಅಡಗಿವೆ: ಸೂಕ್ಷ್ಮ ರೇಖೆಗಳನ್ನು ಮೂಡಿಸುವುದು ಒಂದು, ದೂರಗಳನ್ನು ಉಳಿಸಿಕೊಳ್ಳುವುದು ಇನ್ನೊಂದು. ಅಂತರರಾಷ್ಟ್ರೀಯ ಪ್ರಮಾಣದ ಪ್ರಕಾರ ತೆಳುವಾದ ರಬ್ಬರ್ ವಸ್ತು ೨೦ ಮೈಕ್ರಾನ್ ಅಗಲದ ಗೆರೆಯನ್ನು ಮೂಡಿಸಬೇಕು, ಮುದ್ದೆಯಂಥ ಗಟ್ಟಿ ವಸ್ತುವಿಗೆ ೭೫ ಮೈಕ್ರಾನ್ ಸಾಕು. (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್.) ಆದರೆ ಆ ಅಚ್ಚಿನಲ್ಲಿ ಎರೆಯುವ ಜಿಪ್ಸಮ್ ವಸ್ತುಗಳಿಗೆ ವಿಧಿಸಿರುವ ಪ್ರಮಾಣ ೫೦ ಮೈಕ್ರಾನ್. ಅಂದಮೇಲೆ ಅಚ್ಚು ೨೦ ಮೈಕ್ರಾನಿನ ಗೆರೆಯನ್ನು ಹಿಡಿದರೂ ಪಡಿಯಚ್ಚು ಅದನ್ನು ಉಳಿಸಿಕೊಳ್ಳಲೇಬೇಕೆಂಬ ನಿಯಮವಿಲ್ಲ. ಎರಡು ರಬ್ಬರುಗಳಲ್ಲಿ ಒಂದು ೫ ಮೈಕ್ರಾನ್ ಸೂಕ್ಷ್ಮವೆಂದು ಸಾಧಿಸುವ ಪ್ರಬಂಧ ಸುಳ್ಳಲ್ಲ, ಆದರೆ ಆ ಸೂಕ್ಷ್ಮತೆ ಕೆಲಸದ ಮುಂದಿನ ಹಂತದಲ್ಲೇ ಕರಗಿಹೋಗಬಹುದು.

ಎರಡನೆಯದಾಗಿ, ಶೇಕಡಾವಾರು ಲೆಕ್ಕ ಓದುಗನನ್ನು ಸುಲಭವಾಗಿ ದಾರಿತಪ್ಪಿಸುತ್ತದೆ. ಒಂದು ವಸ್ತು ೨೪ ಗಂಟೆಗಳಲ್ಲಿ ಶೇಕಡ ೦.೨ರಷ್ಟು ಕುಗ್ಗುತ್ತದೆನ್ನೋಣ. ೧೦ ಮಿಲಿಮೀಟರ್ ಅಗಲದ ಒಂದು ಹಲ್ಲಿನಲ್ಲಿ ಇದು ೨೦ ಮೈಕ್ರಾನ್, ಅದನ್ನು ಅಲಕ್ಷಿಸಬಹುದು. ಆದರೆ ದವಡೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ೫೦ ಮಿಲಿಮೀಟರ್ ಇದ್ದರೆ ಅದು ೧೦೦ ಮೈಕ್ರಾನ್ ಆಗುತ್ತದೆ. ಒಂಟಿ ಹಲ್ಲಿನ ಕವಚಕ್ಕೆ, ಎಂದರೆ ಜನ 'ಕ್ಯಾಪು' ಎನ್ನುವುದಕ್ಕೆ, ಯೋಗ್ಯವಾದ ವಸ್ತು ಇಡೀ ದವಡೆಯನ್ನು ಬೆಸೆಯುವ ಲೋಹದ ಚೌಕಟ್ಟಿಗೆ ಅಯೋಗ್ಯವಾಗಬಹುದು. ವಸ್ತು ಬದಲಾಗಿಲ್ಲ, ಕೆಲಸ ಬದಲಾಗಿದೆ.

ಮೂರನೆಯದಾಗಿ, ದೋಷಗಳು ಸದಾ ಕೂಡಿಕೊಳ್ಳುವುದಿಲ್ಲ, ಕೆಲವೊಮ್ಮೆ ಕಳೆದುಹೋಗುತ್ತವೆ. ತಟ್ಟೆಯ ಗೋಡೆಗೆ ಅಂಟು ಬಳಿದಿದ್ದರೆ ರಬ್ಬರ್ ಗೋಡೆಯ ಕಡೆಗೆ ಕುಗ್ಗುತ್ತದೆ; ಇದರಿಂದ ಹಲ್ಲಿನ ಕುಳಿ ಕಿರಿದಾಗುವ ಬದಲು ತುಸು ಹಿರಿದಾಗುತ್ತದೆ. ಅದರಲ್ಲಿ ಎರೆದ ಜಿಪ್ಸಮ್ ಗಟ್ಟಿಯಾಗುವಾಗ ತುಸು ಹಿಗ್ಗುತ್ತದೆ. ಹೀಗೆ ದೊರೆತ ಪಡಿಯಚ್ಚು ಮೂಲದ ಹಲ್ಲಿಗಿಂತ ಅಲ್ಪ ದೊಡ್ಡದು. ಅದರ ಮೇಲೆ ಕಟ್ಟಿದ ಕವಚ ಬಾಯಲ್ಲಿ ಅಲ್ಪ ಸಡಿಲ. ಆ ಸಡಿಲವೇ ಅಂಟುವ ಸಿಮೆಂಟಿಗೆ ಬೇಕಾದ ಎಡೆ. ಅನುಭವಿಯಾದ ಕೆಲಸಗಾರನು ಈ ತಪ್ಪುಗಳ ಸಮತೋಲವನ್ನು ಬಲ್ಲವನು. ಅಚ್ಚನ್ನು ಮಾತ್ರ ಪ್ರತ್ಯೇಕಿಸಿ ಅಳೆದ ಪ್ರಬಂಧಕ್ಕೆ ಇದು ಕಾಣುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ೧೯೯೪ರ ಅಂತರರಾಷ್ಟ್ರೀಯ ಪ್ರಮಾಣವೊಂದು ನಿಖರತೆಯನ್ನು ಎರಡಾಗಿ ಒಡೆಯುತ್ತದೆ: ಅಳತೆಗಳು ಮೂಲದ ನಿಜವಾದ ಬೆಲೆಗೆ ಎಷ್ಟು ಹತ್ತಿರ ಎಂಬ ಯಥಾರ್ಥತೆ, ಮತ್ತೆ ಮತ್ತೆ ಅಳೆದಾಗ ಅವು ಪರಸ್ಪರ ಎಷ್ಟು ಹತ್ತಿರ ಎಂಬ ಏಕರೂಪತೆ. ಹಸ್ತಪ್ರತಿಗಳೊಡನೆ ವ್ಯವಹರಿಸಿದವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ತಪ್ಪಿದ್ದ ಒಂದೇ ಓಲೆಯಿಂದ ಮೂವರು ಲಿಪಿಕಾರರು ಪ್ರತಿ ಮಾಡಿದರೆ ಮೂರು ಪ್ರತಿಗಳೂ ಒಂದೇ ಪಾಠವನ್ನು ಕೊಡುತ್ತವೆ; ಅವುಗಳ ಒಮ್ಮತ ಕವಿಯ ಪಾಠಕ್ಕೆ ಸಾಕ್ಷಿಯಾಗುವುದಿಲ್ಲ. ಹಾಗೆಯೇ ಹತ್ತು ಅಚ್ಚುಗಳು ಒಂದರಂತೊಂದು ಇದ್ದ ಮಾತ್ರಕ್ಕೆ ಅವು ಬಾಯಂತಿವೆ ಎಂದಾಗುವುದಿಲ್ಲ.

ಯಥಾರ್ಥತೆಯನ್ನು ಅಳೆಯಬೇಕಾದರೆ ಮೂಲದ ಅಳತೆ ಬೇರೊಂದು ಮಾರ್ಗದಿಂದ ತಿಳಿದಿರಬೇಕು. ಬಾಯಲ್ಲಿ ಅದು ತಿಳಿಯುವಂತಿಲ್ಲ, ಏಕೆಂದರೆ ಬಾಯನ್ನು ಸೂಕ್ಷ್ಮವಾಗಿ ಅಳೆಯಲು ಇರುವ ಸಾಧನವೇ ಅಚ್ಚು. ಆದುದರಿಂದ ಸಂಶೋಧಕರು ಉಕ್ಕಿನ ದವಡೆಯೊಂದನ್ನು ಮಾಡಿಕೊಳ್ಳುತ್ತಾರೆ. ಜ್ಯೂರಿಚ್ಚಿನ ಆಂಡ್ರಿಯಾಸ್ ಎಂಡರ್ ಮತ್ತು ಆಲ್ಬರ್ಟ್ ಮೇಲ್ ಅವರು ೨೦೧೩ರಲ್ಲಿ ಪ್ರಕಟಿಸಿದ ಹೋಲಿಕೆ ಈ ಬಗೆಯದರಲ್ಲಿ ಗಮನಾರ್ಹವಾದುದು. ಉಕ್ಕಿನ ಇಡೀ ದವಡೆಯ ಮಾದರಿಯಿಂದ ರಬ್ಬರಿನಲ್ಲಿ ತೆಗೆದ ಅಚ್ಚಿನ ವ್ಯತ್ಯಾಸ ಯಥಾರ್ಥತೆಯಲ್ಲಿ ಸರಾಸರಿ ೨೦.೪ ಮೈಕ್ರಾನ್, ಏಕರೂಪತೆಯಲ್ಲಿ ೧೨.೫, ಅಂದಿನ ಬೆಳಕಿನ ಯಂತ್ರದ್ದು ಕ್ರಮವಾಗಿ ೫೮.೬ ಮತ್ತು ೩೨.೪. ಎರಡು ಗುಣಗಳನ್ನು ಬೇರ್ಪಡಿಸಿ ಅಳೆದದ್ದು ಈ ಅಧ್ಯಯನದ ಹಿರಿಮೆ. ಆದರೆ ಇದನ್ನು ಉದ್ಧರಿಸುವವರು ಎರಡು ಸಂಗತಿಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಉಕ್ಕಿನ ದವಡೆಗೆ ಜೊಲ್ಲಿಲ್ಲ, ನಾಲಗೆಯಿಲ್ಲ, ಓಕರಿಕೆಯಿಲ್ಲ, ವಸಡಿನಂಚಿನ ರಕ್ತವಿಲ್ಲ. ಅಲ್ಲಿ ಗೆದ್ದ ವಸ್ತು ಒದ್ದೆಯಾದ ಬಾಯಲ್ಲಿಯೂ ಗೆಲ್ಲಬೇಕೆಂಬ ನಿಶ್ಚಯವಿಲ್ಲ. ಮತ್ತು ಅಲ್ಲಿ ಸೋತದ್ದು 'ಬೆಳಕಿನ ವಿಧಾನ'ವಲ್ಲ, ಒಂದು ಕಾಲದ ಒಂದು ಯಂತ್ರ. ಹಲ್ಲಿನ ಮೇಲೆ ಬಿಳಿಯ ಪುಡಿ ಉದುರಿಸಿಕೊಂಡು ನೋಡುತ್ತಿದ್ದ ಆ ಯಂತ್ರದ ನಂತರ ಪುಡಿಯಿಲ್ಲದೆ ನೋಡುವ ಯಂತ್ರಗಳು ಬಂದಿವೆ. ಸಾಕ್ಷ್ಯಕ್ಕೂ ಒಂದು ಕಾಲವಿರುತ್ತದೆ ಎಂಬುದನ್ನು ನಾವು ಮರೆಯಬಾರದು. ಆದರೂ ಅದರಿಂದ ಕಲಿಯತಕ್ಕ ಒಂದು ತತ್ತ್ವ ಉಳಿಯುತ್ತದೆ: ಬೆಳಕಿನ ಯಂತ್ರ ಸಣ್ಣ ಸಣ್ಣ ಚಿತ್ರಗಳನ್ನು ಒಂದಕ್ಕೊಂದು ಹೊಲಿದು ದವಡೆಯನ್ನು ಕಟ್ಟುವುದರಿಂದ, ಒಂದೆರಡು ಹಲ್ಲುಗಳಲ್ಲಿ ಕಾಣದ ತಪ್ಪು ಇಡೀ ದವಡೆಯನ್ನು ಸುತ್ತಿ ಬರುವಷ್ಟರಲ್ಲಿ ಶೇಖರಗೊಳ್ಳುತ್ತದೆ.

೪

ವಸ್ತುವನ್ನು ಬಿಟ್ಟು ವಿಧಾನಗಳ ಹೋಲಿಕೆಗೆ ಬಂದರೆ ತೊಡಕು ಇನ್ನೂ ಹೆಚ್ಚುತ್ತದೆ. ಹಿಟ್ಟಿನ ಮುದ್ದೆಯಂಥ ಗಟ್ಟಿ ಸಿಲಿಕೋನನ್ನೂ ತೆಳು ಸಿಲಿಕೋನನ್ನೂ ಒಟ್ಟಿಗೆ ಬಳಸುವ ಕ್ರಮ ಎಲ್ಲರಿಗೂ ಪರಿಚಿತ. ಎರಡನ್ನೂ ಒಂದೇ ಸಲ ಬಾಯಿಗಿಡಬಹುದು. ಅಥವಾ ಮೊದಲು ಗಟ್ಟಿಯದರಿಂದ ಅಚ್ಚು ತೆಗೆದು, ಅದರೊಳಗೆ ತೆಳುವನ್ನು ಹಾಕಿ ಮತ್ತೆ ಇಡಬಹುದು. ಯಾವುದು ನಿಖರ? ಒಂದೇ ಹಂತದಲ್ಲಿ ಗಟ್ಟಿ ಮುದ್ದೆ ತೆಳುವನ್ನು ದೂಡಿಬಿಟ್ಟು, ಸೂಕ್ಷ್ಮವಾಗಿ ಮೂಡಬೇಕಾದ ಅಂಚನ್ನು ತಾನೇ ಒರಟಾಗಿ ಹಿಡಿಯುವ ಭಯವಿದೆ. ಎರಡು ಹಂತದಲ್ಲಿ, ತೆಳುವಿಗೆ ಎಡೆಯನ್ನೇ ಬಿಡದಿದ್ದರೆ, ಒಳಗೆ ಸಿಕ್ಕಿಕೊಂಡ ದ್ರವದ ಒತ್ತಡದಿಂದ ಗಟ್ಟಿ ಪದರ ಹಿಂದಕ್ಕೆ ಬಾಗಿ, ಬಾಯಿಂದ ಹೊರಬಂದ ಮೇಲೆ ಮರಳಿ ಒತ್ತಿಕೊಂಡು, ಹಲ್ಲಿನ ಪಡಿಯಚ್ಚು ಕಿರಿದಾಗುತ್ತದೆ. ಕಿರಿದಾದ ಪಡಿಯಚ್ಚಿನ ಮೇಲೆ ಕಟ್ಟಿದ ಕವಚ ಹಲ್ಲಿಗೆ ಇಳಿಯುವುದೇ ಇಲ್ಲ. ಎರಡು ಮಿಲಿಮೀಟರಿನಷ್ಟು ಸಮನಾದ ಎಡೆ ಬಿಟ್ಟರೆ ಈ ದೋಷ ಬಹಳ ಮಟ್ಟಿಗೆ ಇಲ್ಲವಾಗುತ್ತದೆ. ಹೀಗಿರುವಾಗ ಎಡೆಯ ವಿಷಯವನ್ನು ಹೇಳದೆ 'ಒಂದು ಹಂತ'ವನ್ನು 'ಎರಡು ಹಂತ'ದೊಡನೆ ಹೋಲಿಸುವ ಪ್ರಬಂಧ ನಿಜವಾಗಿ ಹೋಲಿಸಿದ್ದು ಏನನ್ನು?

ದವಡೆಯ ಮೂಳೆಗೆ ಲೋಹದ ಕೃತಕ ಬೇರುಗಳನ್ನು ನೆಟ್ಟ ಮೇಲೆ ತೆಗೆಯುವ ಅಚ್ಚಿನ ವಿಷಯದಲ್ಲಿ ೨೦೦೮ರಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ತೆರೆದ ತಟ್ಟೆಯ ವಿಧಾನವನ್ನು ಮುಚ್ಚಿದ ತಟ್ಟೆಯ ವಿಧಾನದೊಡನೆ ಹೋಲಿಸಿದ ೧೪ ಅಧ್ಯಯನಗಳಲ್ಲಿ ೫ ತೆರೆದ ತಟ್ಟೆಯ ಪರ, ೨ ಮುಚ್ಚಿದ ತಟ್ಟೆಯ ಪರ, ೭ರಲ್ಲಿ ಭೇದವಿಲ್ಲ. ಅಚ್ಚಿನ ಕಂಬಿಗಳನ್ನು ಒಂದಕ್ಕೊಂದು ಬೆಸೆಯಬೇಕೇ ಎಂಬುದನ್ನು ಪರೀಕ್ಷಿಸಿದ ೧೭ರಲ್ಲಿ ೭ ಬೆಸೆಯುವುದರ ಪರ, ೩ ಬೆಸೆಯದಿರುವುದರ ಪರ, ೭ರಲ್ಲಿ ಭೇದವಿಲ್ಲ. ಈ ಎಣಿಕೆಯನ್ನು ಚುನಾವಣೆಯ ಫಲಿತಾಂಶದಂತೆ ಓದಿ, 'ತೆರೆದ ತಟ್ಟೆಗೆ ಹೆಚ್ಚು ಮತ' ಎನ್ನುವವರಿದ್ದಾರೆ. ಸಮೀಕ್ಷೆಯ ಕರ್ತೃಗಳು ಅಷ್ಟು ಸರಳವಾಗಿ ಓದಲಿಲ್ಲ. ಬೇರುಗಳು ಮೂರು ಅಥವಾ ಕಡಮೆ ಇದ್ದಾಗ ಬಹುತೇಕ ಭೇದವಿಲ್ಲವೆಂದೂ, ನಾಲ್ಕು ಅಥವಾ ಹೆಚ್ಚಿದ್ದಾಗ ತೆರೆದ ತಟ್ಟೆಯ ಪರವಾದ ಅಧ್ಯಯನಗಳು ಹೆಚ್ಚೆಂದೂ ಅವರು ವಿಂಗಡಿಸಿದರು. ಉಪಯುಕ್ತವಾದ ತಿಳಿವಳಿಕೆ ಇರುವುದು ಈ ವಿಂಗಡಣೆಯಲ್ಲಿ. 'ಭೇದ ಕಾಣಲಿಲ್ಲ' ಎಂಬ ಏಳು ಅಧ್ಯಯನಗಳನ್ನು ಸೋತ ಅಭ್ಯರ್ಥಿಗಳಂತೆ ಬದಿಗಿಡುವುದು ಸಾಕ್ಷ್ಯವನ್ನು ಓದುವ ಕ್ರಮವಲ್ಲ.

ಇನ್ನೊಂದು ಅಂಕಿಯ ಚರಿತ್ರೆಯನ್ನೂ ಇಲ್ಲಿ ಹೇಳಬೇಕು. ಕವಚದ ಅಂಚಿಗೂ ಹಲ್ಲಿಗೂ ನಡುವೆ ೧೨೦ ಮೈಕ್ರಾನ್‌ವರೆಗೆ ಸಂದು ಇರಬಹುದೆಂಬುದು ಈ ಸಾಹಿತ್ಯದಲ್ಲೆಲ್ಲ ಹರಡಿಕೊಂಡಿರುವ ಮಾತು. ಇದರ ಮೂಲ ಮೆಕ್ಲೀನ್ ಮತ್ತು ಫಾನ್ ಫ್ರೌನ್‌ಹೋಫರ್ ಅವರು ೧೯೭೧ರಲ್ಲಿ ಪ್ರಕಟಿಸಿದ ಲೇಖನ. ಐದು ವರ್ಷಗಳ ಅವಧಿಯಲ್ಲಿ ಸಾವಿರಕ್ಕಿಂತ ಹೆಚ್ಚು ಕವಚ ಮೊದಲಾದವುಗಳನ್ನು ಪರೀಕ್ಷಿಸಿ ಅವರು ಈ ಅಭಿಪ್ರಾಯಕ್ಕೆ ಬಂದರು. ಅದು ಅನುಭವದಿಂದ ಬಂದ ವಿವೇಕದ ಮಾತು. ಆದರೆ ಕಾಲಕ್ರಮದಲ್ಲಿ, ಒಬ್ಬರಿಂದ ಒಬ್ಬರು ಎತ್ತಿಕೊಳ್ಳುತ್ತ, ಅದು ತೇರ್ಗಡೆಯ ಅಂಕವಾಗಿ ಮಾರ್ಪಟ್ಟಿದೆ. ೧೧೫ ಬಂದ ವಿಧಾನ ಉತ್ತೀರ್ಣ, ೧೨೫ ಬಂದದ್ದು ಅನುತ್ತೀರ್ಣ. ಅಲ್ಲದೆ ಆ ಅಂತಿಮ ಸಂದಿನಲ್ಲಿ ಅಚ್ಚಿನ ಪಾಲು ಒಂದು ಅಂಶ ಮಾತ್ರ. ಹಲ್ಲನ್ನು ಅರೆದ ಕೈ, ಜಿಪ್ಸಮ್, ಮೇಣ, ಲೋಹದ ಎರಕ, ಸಿಮೆಂಟು ಎಲ್ಲದರ ಪಾಲೂ ಅಲ್ಲಿದೆ. ಒಂದು ಶಾಸನದ ಕಾಲವನ್ನು ಒಬ್ಬರು 'ಸುಮಾರು' ಎಂದು ಊಹಿಸಿದ್ದನ್ನು ಮುಂದಿನವರು 'ಸುಮಾರು' ಬಿಟ್ಟು ಎತ್ತಿಕೊಳ್ಳುವ ಪರಿಪಾಟಿ ನಮ್ಮಲ್ಲಿಯೂ ಇರುವುದರಿಂದ ಈ ದೋಷ ನನಗೆ ಬೇಗನೆ ಕಣ್ಣಿಗೆ ಬಿದ್ದಿತೆಂದು ಒಪ್ಪಿಕೊಳ್ಳುತ್ತೇನೆ.

೫

ಇದುವರೆಗೆ ಹೇಳಿದ್ದೆಲ್ಲ ಹಲ್ಲಿನ ಮಾತು. ಹಲ್ಲು ಗಟ್ಟಿ ವಸ್ತು, ಅದಕ್ಕೆ ಒಂದು ಆಕಾರವಿದೆ. ಹಲ್ಲಿಲ್ಲದ ದವಡೆಯ ಸಂಗತಿ ಬೇರೆ. ವಸಡು ಮೆತ್ತನೆಯದು, ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ. ಅದು ವಿಶ್ರಾಂತಿಯಲ್ಲಿರುವಾಗಿನ ಆಕಾರದ ಅಚ್ಚು ನಿಖರವೋ, ಅಗಿಯುವಾಗಿನ ಆಕಾರದ ಅಚ್ಚು ನಿಖರವೋ?

ಈ ಪ್ರಶ್ನೆಯ ಮೇಲೆ ಕಳೆದ ಶತಮಾನದಲ್ಲಿ ದೊಡ್ಡ ವಾದವೇ ನಡೆಯಿತು. ಒಂದು ಪಕ್ಷದವರು ವಸಡನ್ನು ಒತ್ತಿಯೇ ಅಚ್ಚು ತೆಗೆಯಬೇಕೆಂದರು, ದಂತಪಂಕ್ತಿ ದುಡಿಯುವುದು ಒತ್ತಡದಲ್ಲಿಯೇ ಎಂಬುದು ಅವರ ಯುಕ್ತಿ. ೧೯೪೦ರ ದಶಕದಲ್ಲಿ ಅಮೆರಿಕದ ಹ್ಯಾರಿ ಪೇಜ್ ಇದಕ್ಕೆ ತದ್ವಿರುದ್ಧವಾಗಿ, ವಸಡನ್ನು ಕಿಂಚಿತ್ತೂ ಕದಲಿಸದೆ ಅಚ್ಚು ತೆಗೆಯಬೇಕೆಂದು ವಾದಿಸಿ, ಪ್ಯಾಸ್ಕಲನ ನಿಯಮವನ್ನು ಸಮರ್ಥನೆಗೆ ತಂದನು. ಪ್ಯಾಸ್ಕಲನ ನಿಯಮ ಮುಚ್ಚಿದ ಪಾತ್ರೆಯ ದ್ರವಕ್ಕೆ ಸಲ್ಲುತ್ತದೆ. ವಸಡಿನ ರಸ ಅಕ್ಕಪಕ್ಕಕ್ಕೆ ಸರಿಯಬಲ್ಲುದಾದುದರಿಂದ ಅದು ಮುಚ್ಚಿದ ಪಾತ್ರೆಯಲ್ಲವೆಂದು ವಿಮರ್ಶಕರು ತೋರಿಸಿಕೊಟ್ಟರು. ಮುಂದೆ ಕಾರ್ಲ್ ಬೌಚರ್ ಮೊದಲಾದವರ ಗ್ರಂಥಗಳಿಂದ ಮೂರನೆಯ ಮಾರ್ಗ ನೆಲೆಗೊಂಡಿತು: ಭಾರ ತಾಳಬಲ್ಲ ಜಾಗಗಳಲ್ಲಿ ಒತ್ತುವುದು, ತಾಳಲಾರದ ಜಾಗಗಳಲ್ಲಿ ಎಡೆ ಬಿಡುವುದು.

ಈ ವಾದದಲ್ಲಿ ನಿಜವಾಗಿ ತೀರ್ಮಾನವಾಗಬೇಕಾದದ್ದು ಯಾವ ಅಚ್ಚು ಮೂಲಕ್ಕೆ ಹತ್ತಿರ ಎಂಬುದಲ್ಲ, ಯಾವುದನ್ನು ಮೂಲವೆಂದು ಎಣಿಸಬೇಕು ಎಂಬುದು. ಮೂರನೆಯ ಮಾರ್ಗದ ಅಚ್ಚು ಬಾಯಿಯ ಯಾವ ಒಂದು ಕ್ಷಣದ ಆಕಾರಕ್ಕೂ ಪೂರ್ತಿಯಾಗಿ ಹೊಂದುವುದಿಲ್ಲ. ಅಳತೆಯ ದೃಷ್ಟಿಯಿಂದ ಅದು ಬುದ್ಧಿಪೂರ್ವಕವಾಗಿ ಮಾಡಿದ ತಪ್ಪು. ಆ ತಪ್ಪಿನಲ್ಲಿಯೇ ರೋಗಿಯ ಸುಖವಿದೆ. ಮೂಳೆಯೂ ಸಂಪೂರ್ಣ ಸ್ಥಿರವಲ್ಲ. ಬಾಯನ್ನು ಅಗಲವಾಗಿ ತೆರೆದಾಗ ಸ್ನಾಯುಗಳ ಸೆಳೆತದಿಂದ ಕೆಳದವಡೆಯ ಎರಡು ತೋಳುಗಳು ಕೂದಲೆಳೆಯ ದಪ್ಪಕ್ಕೆ ಹೋಲಿಸಬಹುದಾದಷ್ಟು ಒಳಕ್ಕೆ ಬಾಗುತ್ತವೆ. ಅಚ್ಚು ತೆಗೆಯುವುದು ಬಾಯಿ ತೆರೆದಾಗ, ಅಗಿಯುವುದು ಮುಚ್ಚಿದಾಗ.

ನನ್ನ ತಾಯಿಯವರ ಪ್ರಕರಣ ಇಲ್ಲಿ ಸ್ಪಷ್ಟವಾಗುತ್ತದೆ. ಅದೇ ವೈದ್ಯರು ಎರಡನೆಯ ಸಲ ಅಚ್ಚು ತೆಗೆದಾಗ ವಸ್ತುವನ್ನು ಬದಲಾಯಿಸಲಿಲ್ಲ. ಬೆರಳಿನಿಂದ ಎಡಭಾಗದ ಏಣನ್ನು ತಡವಿ ನೋಡಿ, ಅಲ್ಲಿ ಮೂಳೆ ಚೂಪಾಗಿ, ವಸಡು ತೆಳುವಾಗಿ ಇರುವುದನ್ನು ಗುರುತಿಸಿ, ತಟ್ಟೆಯಲ್ಲಿ ಆ ಜಾಗಕ್ಕೆ ಎಡೆ ಬಿಟ್ಟರು. ಹೊಸ ದಂತಪಂಕ್ತಿ ಮೊದಲಿನಂತೆಯೇ ಪಡಿಯಚ್ಚಿನ ಮೇಲೆ ಸರಿಯಾಗಿ ಕೂತಿತು. ಈ ಸಲ ಬಾಯಲ್ಲಿಯೂ ಕೂತಿತು. ಮೊದಲನೆಯ ಅಚ್ಚು ತಪ್ಪಾಗಿರಲಿಲ್ಲ. ಅದು ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರವಾಗಿತ್ತು.

೬

ಮೇಲಿನ ವಿಮರ್ಶೆಯಿಂದ, ಎಲ್ಲ ವಿಧಾನಗಳೂ ಒಂದೇ, ನಿಖರತೆ ಎಂಬುದು ಬರಿಯ ಮಾತು ಎಂದು ಯಾರಾದರೂ ಅರ್ಥ ಮಾಡಿದರೆ ಅದು ನನ್ನ ಆಶಯಕ್ಕೆ ವಿರುದ್ಧ. ಅರ್ಧ ದಿನ ಮೇಜಿನ ಮೇಲೆ ಒಣಗಿದ ಆಲ್ಜಿನೇಟ್ ಅಚ್ಚು ಯಾವ ಪ್ರಯೋಜನಕ್ಕೂ ಕೆಟ್ಟದ್ದೇ. ಅಂಟು ಬಳಿಯದ ತಟ್ಟೆಯಿಂದ ಕಿತ್ತುಬಂದ ರಬ್ಬರೂ ಹಾಗೆಯೇ. ಅಳತೆ ಬೇಕೇ ಬೇಕು. ಉಕ್ಕಿನ ದವಡೆಯ ಮೇಲಿನ ಪ್ರಯೋಗಗಳಿಂದಲೇ ಇಂದು ನಮಗೆ ಗೊತ್ತಿರುವ ಬಹು ಸಂಗತಿಗಳು ಗೊತ್ತಾಗಿವೆ. ನನ್ನ ಆಕ್ಷೇಪ ಅಳತೆಯ ಮೇಲಲ್ಲ. ಅಳತೆಯ ಷರತ್ತುಗಳನ್ನು ತೀರ್ಮಾನದ ವಾಕ್ಯದಿಂದ ಕೈಬಿಡುವುದರ ಮೇಲೆ.

ಆದುದರಿಂದ ಈ ವಿಷಯದಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳಿಗೆ ಮೊದಲ ಪುಟದಲ್ಲಿಯೇ ಉತ್ತರ ಬರೆಯಬೇಕೆಂದು ಸೂಚಿಸಬಯಸುತ್ತೇನೆ. ಯಾವ ಮೂಲಕ್ಕೆ ಹೋಲಿಸುತ್ತಿದ್ದೇವೆ, ಉಕ್ಕಿಗೋ ಬಾಯಿಗೋ? ಯಾವ ಗುಣವನ್ನು ಅಳೆಯುತ್ತಿದ್ದೇವೆ, ರೇಖೆಯನ್ನೋ ದೂರವನ್ನೋ, ಯಥಾರ್ಥತೆಯನ್ನೋ ಏಕರೂಪತೆಯನ್ನೋ? ಮತ್ತು ಯಾವ ಕೆಲಸಕ್ಕಾಗಿ, ಒಂದು ಹಲ್ಲಿಗೋ ಇಡೀ ದವಡೆಗೋ ಹಲ್ಲಿಲ್ಲದ ವಸಡಿಗೋ? ಈ ಮೂರೂ ಸ್ಪಷ್ಟವಾದರೆ, ಪರಸ್ಪರ ವಿರುದ್ಧವೆಂದು ಕಾಣುವ ಎಷ್ಟೋ ಅಧ್ಯಯನಗಳು ವಿರುದ್ಧವಲ್ಲವೆಂದು ತಿಳಿದುಬರುವ ಸಂಭವವಿದೆ.

ಇತಿಹಾಸದ ವಿದ್ಯಾರ್ಥಿಗಳಿಗೂ ಇದರಲ್ಲಿ ಒಂದು ಪಾಠವಿದೆಯೆಂದು ತೋರುತ್ತದೆ. ನಮ್ಮ ಇಲಾಖೆಯ ಕಪಾಟುಗಳಲ್ಲಿ ಸುರುಳಿ ಸುತ್ತಿಟ್ಟಿರುವ ಶಾಸನದ ಅಚ್ಚುಗಳನ್ನು ನಾವು ಶಾಸನಗಳೆಂದೇ ಕರೆಯುವ ರೂಢಿಯನ್ನು ಬೆಳೆಸಿಕೊಂಡಿದ್ದೇವೆ. ಅವುಗಳಲ್ಲಿ ಒಂದನ್ನು ಬಿಚ್ಚಿ ಓದಲು ಕುಳಿತಾಗ, ಬಿಳಿಯ ಗೆರೆಯೊಂದು ಅಕ್ಷರವೋ ಬಿರುಕೋ ಎಂಬ ಸಂದೇಹ ಬಂದರೆ, ಬಸ್ಸು ಹತ್ತಿ ಆ ಊರಿಗೆ ಹೋಗಿ ಕಲ್ಲನ್ನು ಕೈಯಿಂದ ತಡವಿ ನೋಡುವ ಶ್ರಮವನ್ನು ನಾವು ತಪ್ಪಿಸಿಕೊಳ್ಳಬಾರದು. ಆ ವೈದ್ಯರು ಎರಡನೆಯ ಸಲ ಮಾಡಿದ್ದೂ ಇದೇ.